ಹೊಸ್ತಿಲಲ್ಲಿ ಬಂದ ಮಾತು

"ಮೂಗಿ ಆದ್ರೆ ಮೂಗಿ ಅಂದ್ಬಿಡ್ರಿ, ಗಾಳಿ ಮೆಟ್ಟೈತೆ ಅಂದ್ರೆ ಮೆಟ್ಟೈತೆ ಅನ್ರಿ. ಎರಡೂ ಅಲ್ಲ ಅಂತ ತಲೆ ಅಲ್ಲಾಡ್ಸಿದ್ರೆ ಹೆಂಗೆ? ಮಗೀನ ಯಾರ ತೊಡೆ ಮ್ಯಾಲೆ ಹಾಕಾನ ನಾವು?"

ಸರ್ವಮಂಗಳಮ್ಮ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ಬಾಯಿತುಂಬ ಇದ್ದ ಎಲೆಅಡಿಕೆ ಉಗಿಯಲು ಹಿತ್ತಲಿಗೆ ಎದ್ದು ಹೋದರು. ಡಾಕ್ಟರ್ ವಿರೂಪಾಕ್ಷಪ್ಪನವರು ನನ್ನ ಕಡೆ ನೋಡಿದರು. ನಾನು ಪೆನ್ಸಿಲು ನಿಲ್ಲಿಸಿ ಗೋಡೆಯ ಕಡೆ ನೋಡಿದೆ. ಅಲ್ಲಿ, ಗೋಡೆಗೆ ಒರಗಿ, ಬಲಗೈಯನ್ನು ಮಡಿಲಲ್ಲಿ ಬೇರೆಯವರ ಸಾಮಾನಿನಂತೆ ಇಟ್ಟುಕೊಂಡು ಕೂತಿದ್ದವಳೇ ಸಿದ್ದಲಿಂಗಮ್ಮ. ಈ ಮನೆಯ ಕಿರಿಯ ಸೊಸೆ, ವಯಸ್ಸು ಇಪ್ಪತ್ತೆರಡಿರಬಹುದು. ಹೆರಿಗೆಯಾದ ಹನ್ನೆರಡನೆಯ ದಿನ ಜ್ವರ ಏರಿ, ಬಲಗೈ ಬಲಗಾಲು ಬಿದ್ದುಹೋಗಿ, ಮಾತೂ ನಿಂತಿತ್ತು. ಅದಾಗಿ ಎಂಟು ತಿಂಗಳು. ಎಂಟು ತಿಂಗಳಿಂದಲೂ ಆಕೆಯ ಹೆಣ್ಣುಮಗು ಅತ್ತೆ ಸರ್ವಮಂಗಳಮ್ಮನವರ ಕೋಣೆಯಲ್ಲಿತ್ತು.

ಇದು ನ್ಯಾಮತಿಯಲ್ಲಿ, ಸಾವಿರದ ಒಂಬೈನೂರ ನಲವತ್ತೊಂದರ ಕಾರ್ತಿಕದಲ್ಲಿ ನಡೆದದ್ದು. ಮನೆ ಅಡಿಕೆ ವ್ಯಾಪಾರಿ ಕಲ್ಲೇಶಪ್ಪನವರದು. ಮನೆಯಲ್ಲಿ ತೀರ್ಮಾನವಾಗಬೇಕಿದ್ದ ಸಂಗತಿ ಒಂದೇ. ಸಿದ್ದಲಿಂಗಮ್ಮನಿಗೆ ತಿಳಿವಳಿಕೆ ಇದೆ ಎಂದು ಡಾಕ್ಟರು ತೋರಿಸಿಕೊಟ್ಟರೆ ಮಗು ಅವಳ ಮಡಿಲಿಗೆ ಬರುತ್ತದೆ. ಇಲ್ಲವಾದರೆ ಅವಳನ್ನು ಜಗಳೂರು ಸೀಮೆಯ ಬಿಳಿಚೋಡಿಗೆ, ತವರಿಗೆ ಕಳಿಸುವುದು, ಮಗುವನ್ನು ಇಟ್ಟುಕೊಳ್ಳುವುದು, ಮಗ ರೇವಣ್ಣನಿಗೆ ಇನ್ನೊಂದು ಮದುವೆ ಮಾಡುವುದು. ಹೊನ್ನಾಳಿಯಲ್ಲಿ ಹೆಣ್ಣನ್ನೂ ನೋಡಿ ಬಂದಿದ್ದರು. ಕಲ್ಲೇಶಪ್ಪನವರು ಕೆಟ್ಟ ಮನುಷ್ಯರಲ್ಲ. "ನೀವು ಓದಿದೋರು. ನೀವು ಏನು ತೋರಿಸ್ತೀರೋ ಅದರ ಮ್ಯಾಲೆ ನಾನು ನಡ್ಕೊಂತೀನಿ" ಎಂದು ಮೊದಲೇ ಹೇಳಿ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದರು.

ನಾನು ಡಾಕ್ಟರ ಕಾಂಪೌಂಡರ್, ಹಾಲೇಶಪ್ಪ. ಮೂವತ್ತಮೂರರಲ್ಲಿ ಜಗಳೂರಿನಲ್ಲಿ ಅವರ ಕೈಕೆಳಗೆ ಸೇರಿದೆ. ವರ್ಗವಾದ ಕಡೆಗೆಲ್ಲ ಹೇಗೋ ಮೇಲಿನವರಿಗೆ ಬರೆದು ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಔಷಧ ಕಲಸುವುದು ನನ್ನ ನೌಕರಿ, ನಿಜ. ಆದರೆ ಅವರಿಗೆ ನಾನು ಬೇಕಾಗಿದ್ದದ್ದು ನನ್ನ ಕಿವಿಗಾಗಿ. ಲಕ್ವ ಹೊಡೆದು ಮಾತು ಹೋದವರು ಎಲ್ಲಿದ್ದರೂ, ಜ್ವರ ಕೆಮ್ಮಿನವರನ್ನೆಲ್ಲ ಮುಗಿಸಿ, ಸೈಕಲ್ಲಿನಲ್ಲೋ ಗಾಡಿಯಲ್ಲೋ ನಾವು ಹೋಗುತ್ತಿದ್ದೆವು. ರೋಗಿಯ ಬಾಯಿಂದ ಏನು ಬಂತೋ ಅದನ್ನೇ, ತಪ್ಪಿದ್ದರೆ ತಪ್ಪಾಗಿಯೇ, ನಾನು ಬರೆದುಕೊಳ್ಳಬೇಕು. ಡಾಕ್ಟರು ಹೊನ್ನಾಳಿಯವರೇ ಆದರೂ ಚಿಕ್ಕಂದಿನಲ್ಲೇ ತಾಯಿ ಹೋಗಿ, ಹಾಸ್ಟೆಲುಗಳಲ್ಲಿ ಬೆಳೆದವರು. ಜನರ ಮಾತು ಅವರಿಗೆ ಅರ್ಥವಾಗುತ್ತಿತ್ತು, ಅದರ ಒಳಸುಳಿ ಸಿಗುತ್ತಿರಲಿಲ್ಲ.

ಎಂಟು ವರ್ಷದಲ್ಲಿ ನಾವು ಕಂಡದ್ದು ಸ್ವಲ್ಪವಲ್ಲ. ಜಗಳೂರು ಕಡೆಯ ಕುರಿ ಹನುಮಣ್ಣನಿಗೆ ಹೆಂಡತಿಯ ಹೆಸರು ಬಾರದು, ಕುರಿಗಳನ್ನು ಕರೆಯುವ ಕೂಗು ಮಾತ್ರ ಅರ್ಧ ಹರದಾರಿ ಕೇಳುತ್ತಿತ್ತು. ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರು ಗುಟುಕು ನೀರು ಕೇಳಲಾರರು. ಅಳೆಯುವವರು ಒಂದು ಎನ್ನುವ ಬದಲು ಹೇಳುವ "ಲಾಭ" ಎಂದು ನಾನು ಶುರುಮಾಡಿಕೊಟ್ಟರೆ "ಎರಡೂ, ಮೂರೂ" ಎಂದು ಕೊಳಗ ಅಳೆಯುವವರ ರಾಗದಲ್ಲೇ ಐವತ್ತರವರೆಗೆ ಹೋಗುತ್ತಿದ್ದರು. ಹೊನ್ನಾಳಿಯ ಮೇಷ್ಟ್ರಿಗೆ ಹದಿನಾರರ ಮಗ್ಗಿ ಉಳಿದಿತ್ತು, ಮಗನ ಹೆಸರು ಉಳಿದಿರಲಿಲ್ಲ. ಡಾಕ್ಟರು ಹೇಳುತ್ತಿದ್ದರು: "ನೋಡು ಹಾಲೇಶಪ್ಪ, ಹೊಸದಾಗಿ ಜೋಡಿಸಿ ಆಡೋ ಮಾತು ಮೆದುಳಿನಲ್ಲಿ ಒಂದು ಕಡೆ. ಕಟ್ಟಿಟ್ಟ ಗಂಟಿನ ಹಾಗೆ ಇಡಿಯಾಗಿ ಬರೋ ಮಾತು ಇನ್ನೊಂದು ಕಡೆ. ಕೇಳಿ ತಿಳಿಯೋದು ಬೇರೆಯೇ. ಒಂದು ಕೆಟ್ಟರೆ ಇನ್ನೊಂದು ಕೆಡಬೇಕು ಅಂತಿಲ್ಲ." ತಲೆಯೊಳಗೆ ಇಣುಕಿ ನೋಡುವ ದಾರಿ ನಮಗಿರಲಿಲ್ಲ. ಇದ್ದದ್ದು ರೋಗಿಯ ಬಾಯಿ, ನನ್ನ ಕಿವಿ, ಒಂಬತ್ತು ನೋಟುಬುಕ್ಕು.

ಸಿದ್ದಲಿಂಗಮ್ಮ ನಮ್ಮ ಮೂವತ್ತೊಂದನೆಯ ರೋಗಿ.

ಆ ಮನೆಯ ಮೇಲೆ ಇನ್ನೊಂದು ಭಾರವಿತ್ತು, ಅದನ್ನೂ ಹೇಳಿಬಿಡಬೇಕು. ಆ ವರ್ಷ ಆಷಾಢದಲ್ಲಿ ಹಿರಿಯ ಸೊಸೆ ಅಂಜಮ್ಮನ ಮಗ ಗುರು, ನಾಲ್ಕು ವರ್ಷದವನು, ಹಿತ್ತಲಿನ ಬಾವಿಗೆ ಬಿದ್ದು ಹೋದ. ಆಗ ಹಿತ್ತಲಲ್ಲಿ ಇದ್ದವಳು ಸಿದ್ದಲಿಂಗಮ್ಮ ಒಬ್ಬಳೇ. ಕೂಗಲಾರದೆ, ಸತ್ತ ಕಾಲನ್ನು ಎಳೆದುಕೊಂಡು ನಡುಮನೆಗೆ ಬಂದು, ಎಡಗೈಯಿಂದ ಬಾಗಿಲು ಬಡಿದು ಬಡಿದು ಕರೆದಿದ್ದಳು. ಇವಳಿಗೇನೋ ಆಗಿದೆ ಎಂದು ಇವಳನ್ನೇ ಹಿಡಿದು ಕೂರಿಸಿದರಂತೆ. ಅರ್ಥವಾಗುವ ಹೊತ್ತಿಗೆ ಮುಗಿದಿತ್ತು. ಯಾರೂ ಅವಳನ್ನು ಬೈಯಲಿಲ್ಲ. "ಬಾಯಿಲ್ಲದ ಜೀವ, ಏನು ಮಾಡ್ಯಾತು" ಎಂದವಳು ಸ್ವತಃ ಅಂಜಮ್ಮ. ನಾವು ಹೋದ ದಿನ ಕೂಡ ಸಿದ್ದಲಿಂಗಮ್ಮನ ತಲೆ ಬಾಚಿ ಜಡೆ ಹಾಕಿದ್ದವಳು ಅವಳೇ.

ಸರ್ವಮಂಗಳಮ್ಮ ಬಾಯಿ ತೊಳೆದು ಬಂದು ಕೂತರು. ಡಾಕ್ಟರು ಪರೀಕ್ಷೆ ಶುರುಮಾಡಿದರು. ಅವರ ಪರೀಕ್ಷೆಯ ರೀತಿ ನೋಡಿದವರಿಗೆ ನಗು ಬರುತ್ತಿತ್ತು. ರೋಗಿಯ ಮುಂದೆ ಐದು ಸಾಮಾನು ಇಟ್ಟು, ತಾವು ಬಾಗಿಲ ಹಿಂದೆ ಹೋಗಿ ನಿಂತು ಮಾತಾಡುವುದು. ಮನೆಯವರು ಮಾತಿನ ಜೊತೆ ಕೈಸನ್ನೆ ಕಣ್ಸನ್ನೆ ಮಾಡುತ್ತಾರೆ, ರೋಗಿ ಸನ್ನೆ ನೋಡಿ ಮಾಡುತ್ತಾನೋ ಮಾತು ತಿಳಿದು ಮಾಡುತ್ತಾನೋ ಗೊತ್ತಾಗುವುದಿಲ್ಲ ಎಂದು ಅವರ ವಾದ.

"ಇದೇನ್ರೀ, ಡಾಕ್ಟ್ರಿಗೆ ಹೊಸ ಸೊಸೆಯಂಗೆ ನಾಚಿಕೆ?" ಎಂದರು ಸರ್ವಮಂಗಳಮ್ಮ.

"ನಾಚಿಕೆ ಅಲ್ಲ ಅಮ್ಮಾರೇ, ಸ್ವಲ್ಪ ಎಲ್ರೂ ಕೈ ಕಟ್ಕೊಂಡು ಕೂಡ್ರಿ," ಎಂದೆ ನಾನು.

ಬೀಗದಕೈ, ಅಡಿಕೆ, ಬಾಚಣಿಗೆ, ತಂಬಿಗೆ, ವಿಭೂತಿ ಗಟ್ಟಿ. ಬಾಗಿಲ ಹಿಂದಿನಿಂದ ದನಿ ಬಂತು: "ಬೀಗದಕೈ ತಂಬಿಗೆಯೊಳಗೆ ಹಾಕು." ಹಾಕಿದಳು. "ಬಾಚಣಿಗೆ ನಿಮ್ಮ ಮಾವನವರಿಗೆ ಕೊಡು." ಅವಳು ಎಡಗೈಯಲ್ಲಿ ಎತ್ತಿಕೊಂಡು, ತೆವಳಿ ಮುಂದೆ ಹೋಗಿ, ಕೈಗೆ ಕೊಡದೆ ಕಲ್ಲೇಶಪ್ಪನವರ ಮುಂದೆ ನೆಲದ ಮೇಲೆ ಇಟ್ಟು ಸೆರಗು ಸರಿಮಾಡಿಕೊಂಡಳು. "ವಿಭೂತಿ ಅಡಿಕೆಯ ಪಕ್ಕಕ್ಕೆ ಇಡು."

ಇಲ್ಲಿ ನಿಂತಳು. ಎಡಗೈ ಮುಂದೆ ಬಂತು, ಹಿಂದೆ ಹೋಯಿತು. ಡಾಕ್ಟರು ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಈ ಮಾತು ತಿಳಿಯಲಿಲ್ಲ ಎಂದೇ ಅವರು ಬರೆದುಬಿಡುತ್ತಿದ್ದರೇನೋ. ನಾನು ತಡೆಯಿರಿ ಎಂದು ತಲೆ ಆಡಿಸಿದೆ. ಸಿದ್ದಲಿಂಗಮ್ಮ ಎಡಗೈಯಿಂದ ತನ್ನ ಸತ್ತ ಬಲಗೈಯನ್ನು ಎತ್ತಿ, ಅದರ ಬೆರಳುಗಳನ್ನು ವಿಭೂತಿಯ ಮೇಲೆ ಇಟ್ಟು, ಆ ಕೈಯಿಂದಲೇ ಗಟ್ಟಿಯನ್ನು ಮೆಲ್ಲಗೆ ನೂಕಿ ನೂಕಿ ಅಡಿಕೆಯ ಪಕ್ಕಕ್ಕೆ ತಂದಳು.

ಕಲ್ಲೇಶಪ್ಪನವರು ಟವೆಲ್ಲಿನಿಂದ ಮೂಗು ಒರೆಸಿಕೊಂಡರು.

"ಎಡಗೈಲಿ ಮುಟ್ಟಲಿಲ್ಲ ನೋಡ್ರಿ," ಎಂದರು. "ಇನ್ನೇನು ಬೇಕು? ಬುದ್ಧಿ ನಮ್ಮೆಲ್ಲರಿಗಿಂತ ನೆಟ್ಟಗೈತೆ. ಏ ಇವಳೇ, ಮಗೀನ ತಂದು ಅದರ ತಾಯಿಗೆ ಕೊಡು. ರೇವಣ್ಣ, ಹೊನ್ನಾಳಿಯೋರಿಗೆ ಕಾಗದ ಬರಿ, ಬ್ಯಾಡ ಅಂತ."

ರೇವಣ್ಣ ಬಾಗಿಲ ಹೊರಗೆ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದ.

ಅಲ್ಲಿಗೆ ನಾವು ಎದ್ದು ಬಂದುಬಿಡಬೇಕಿತ್ತು. ಎಷ್ಟು ಸಲ ಅಂದುಕೊಂಡಿದ್ದೇನೆ. ಅಂಗಿ ಸರಿಮಾಡಿಕೊಂಡು, ಹಾಲು ಕುಡಿದು, ನಮಸ್ಕಾರ ಹೇಳಿ ಬಂದಿದ್ದರೆ.

ಬರುವ ದಾರಿಯಲ್ಲಿ ನಾನು ಡಾಕ್ಟರಿಗೆ ಒಂದು ವಿಷಯ ಹೇಳಿದ್ದೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಾಗಿ ಮನೆ ತುಂಬುವ ದಿನ ಮಾತ್ರ, ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು ಹೆಸರು ಹೇಳು ಎಂದು ಕಾಡಿದಾಗ, ಪ್ರಾಸ ಕಟ್ಟಿದ ಎರಡು ಸಾಲಿನ ಒಡಪಿನೊಳಗೆ ಹೆಸರಿಟ್ಟು ಹೇಳುತ್ತಾರೆ. ಹುಡುಗಿಯರು ತಿಂಗಳುಗಟ್ಟಲೆ ಅದನ್ನು ಬಾಯಿಪಾಠ ಮಾಡಿರುತ್ತಾರೆ. "ಹೆಂಗಸರಿಗೆ ಇದಕ್ಕಿಂತ ಗಟ್ಟಿಯಾದ ಗಂಟು ಇನ್ನೊಂದಿಲ್ಲ ಸಾರ್" ಎಂದಿದ್ದೆ. ಡಾಕ್ಟರು ಸೈಕಲ್ಲು ನಿಲ್ಲಿಸಿ ಎರಡು ಸಲ ಕೇಳಿ ತಿಳಿದುಕೊಂಡಿದ್ದರು. ಒಂಬತ್ತು ನೋಟುಬುಕ್ಕಿನಲ್ಲೂ ಹೆಂಗಸಿನ ಬಾಯಿಂದ ಬಂದ ಇಡೀ ಸಾಲು ಒಂದೂ ಇರಲಿಲ್ಲ.

ಈಗ ಅವರು ಬಾಗಿಲ ಹಿಂದಿನಿಂದ ಹೊರಗೆ ಬಂದು, ಮುಖ ಕೆಂಪಗಾಗಿ, "ಹಾಲೇಶಪ್ಪ, ಅದನ್ನೂ ಒಂದು ನೋಡಿಬಿಡೋಣ" ಎಂದರು.

"ಏನದು?" ಎಂದರು ಕಲ್ಲೇಶಪ್ಪ.

ನನಗೂ ಮೈಮೇಲೆ ಉಮೇದು ಬಂದಿತ್ತು. "ಯಜಮಾನ್ರೇ, ನಿಮ್ಮ ಸೊಸೆ ಬಾಯಾಗಿಂದ ಮಾತು ಬರಿಸ್ತೀವಿ ನೋಡ್ರಿ," ಎಂದುಬಿಟ್ಟೆ. "ಅಂಜಮ್ಮಾರೇ, ನೀವು ಹೊಸ್ತಿಲಿಗೆ ಅಡ್ಡ ನಿಂತ್ಕಳ್ರಿ. ಇವರು ಮನೆ ತುಂಬಿದ ದಿನ ಹೆಂಗೆ ಕೇಳಿದ್ರೋ ಹಂಗೇ ಹೆಸರು ಕೇಳ್ರಿ."

ಅಂಜಮ್ಮ ನಾಲ್ಕು ತಿಂಗಳಲ್ಲಿ ಮೊದಲ ಸಲ ನಕ್ಕಳು ಎಂದು ಕಾಣುತ್ತದೆ. ಸಿದ್ದಲಿಂಗಮ್ಮನನ್ನು ರಟ್ಟೆ ಹಿಡಿದು ಎಬ್ಬಿಸಿ, ಹೊಸ್ತಿಲ ಹೊರಗೆ ನಿಲ್ಲಿಸಿ, ತಾನು ಒಳಗೆ ಬಾಗಿಲಿನ ಎರಡೂ ತೋಳಿಗೆ ಕೈ ಚಾಚಿ ನಿಂತಳು. "ಏ ಹುಡುಗಿ, ಎಲ್ಲಿಗೆ ನುಗ್ತೀಯೇ? ಯಾರ ಮನೆ ಅಂತ ಬಂದೀಯ? ಹೆಸರು ಹೇಳೇ, ಒಳಗ ಬಿಡ್ತೀನಿ. ಹೇಳಲ್ಲ? ಹಂಗಾರೆ ಬಿಳಿಚೋಡಿಗೇ ನಡಿ!"

ಸಿದ್ದಲಿಂಗಮ್ಮ ತಲೆ ತಗ್ಗಿಸಿದಳು. ಕೆನ್ನೆಯಲ್ಲಿ ರಂಗು ಬಂತು. ಆಮೇಲೆ, ಆ ಮನೆಯವರು ಎಂಟು ತಿಂಗಳಿಂದ ಕೇಳದ ದನಿಯಲ್ಲಿ, ಒಂದಕ್ಷರ ತಡವರಿಸದೆ ಹೇಳಿದಳು:

"ಸೂಳೆಕೆರೆ ಏರಿ ಮ್ಯಾಲೆ ಸಂಜೀ ಬಣ್ಣ,
ನನ್ನ ಹಣೆ ಕುಂಕುಮದ ಒಡೆಯರು ರೇವಣ್ಣ."

ಹೇಳಿ, ತನ್ನ ದನಿ ತಾನೇ ಕೇಳಿ, ಎಡಗೈಯಿಂದ ಬಾಯಿ ಮುಟ್ಟಿಕೊಂಡು ನಕ್ಕಳು. ಡಾಕ್ಟರು ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಬರೆದುಕೊ, ಬರೆದುಕೊ!" ನಾನು ಬರೆದುಕೊಳ್ಳುತ್ತಿದ್ದೆ. ಆದ್ದರಿಂದ ಅಂಜಮ್ಮನ ಮುಖ ಯಾವಾಗ ಬದಲಾಯಿತು ಎಂದು ನಾನು ನೋಡಲಿಲ್ಲ.

"ಮಾತು ಐತೆ," ಎಂದಳು ಅಂಜಮ್ಮ. ಮೆಲ್ಲಗೆ. ಬಾಗಿಲಿಗೆ ಚಾಚಿದ್ದ ಕೈ ಇಳಿಸಿರಲಿಲ್ಲ. "ಅತ್ತೀ, ಮಾತು ಐತೆ ಇವಳಿಗೆ."

"ಅಂಜಮ್ಮಾ..." ಎಂದರು ಕಲ್ಲೇಶಪ್ಪ.

"ನನ್ನ ಗುರು ನೀರಾಗೆ ಮುಳುಗ್ತಿದ್ನಲ್ಲೇ, ಅವತ್ತು ಎಲ್ಲಿಟ್ಟಿದ್ದೆ ಈ ಬಾಯಿನ? ಗಂಡನ ಹೆಸರು ಹೇಳಾಕೆ ಬರತೈತೆ, ಬಿದ್ದ ಅನ್ನಾಕೆ ಬರಲಿಲ್ಲ? ಒಂದು ಮಾತು. ಒಂದೇ ಒಂದು ಮಾತು ಕೂಗಿದ್ರೆ..."

ಡಾಕ್ಟರು ನಡುವೆ ಬಂದರು. "ಇಲ್ಲ ತಾಯಿ, ಕೇಳಿ. ಅದು ಮಾತಲ್ಲ. ಹಾಡಿನ ಹಾಗೆ, ತಾನಾಗಿ ಬರೋದು. ಅವಳು ಬೇಕು ಅಂದರೆ ಬರೋದಿಲ್ಲ. ಕೂಗಬೇಕು ಅಂದರೆ ಅವಳಿಂದ ಆಗೋದಿಲ್ಲ. ಮೆದುಳಿನಲ್ಲಿ ಅದು ಬೇರೆ ಕಡೆ..."

"ಅವಳು ಆಡಿದ್ದು ನಾವೆಲ್ಲ ಕೇಳಿದ್ವಿ," ಎಂದರು ಸರ್ವಮಂಗಳಮ್ಮ.

"ತೋರಿಸ್ತೀನಿ, ಈಗಲೇ ತೋರಿಸ್ತೀನಿ. ಸಿದ್ದಲಿಂಗಮ್ಮ, ಇಲ್ಲಿ ನೋಡು. ನೀರು ಅನ್ನು. ಅಷ್ಟೇ. ನೀರು."

ಅವಳಿಗೆ ಎಲ್ಲ ತಿಳಿದಿತ್ತು. ಅದನ್ನು ನಾವೇ ತಾನೆ ತೋರಿಸಿದ್ದು? ಅಂಜಮ್ಮನ ಮುಖ ನೋಡಿದಳು, ಮಾವನ ಮುಖ ನೋಡಿದಳು. ಕುತ್ತಿಗೆಯ ನರ ಉಬ್ಬಿದವು. ಕಣ್ಣಿಂದ ನೀರು ಸುರಿಯಿತು. ಬಾಯಿ ತೆರೆದಳು. ಒಮ್ಮೆ ಹರಿದ ದಾರಿಯಲ್ಲೇ ನೀರು ಹರಿಯುವ ಹಾಗೆ, ಅದೇ ಬಂತು.

"ಸೂಳೆಕೆರೆ ಏರಿ ಮ್ಯಾಲೆ..."

ಅಂಜಮ್ಮ ಬಾಗಿಲು ಬಿಟ್ಟು ಒಳಗೆ ಓಡಿದಳು. ಅವಳು ಅತ್ತ ದನಿಯನ್ನು ನಾನು ಬರೆದುಕೊಂಡಿಲ್ಲ.

ಕಲ್ಲೇಶಪ್ಪನವರು ಅವಳು ಓಡಿಹೋದ ಬಾಗಿಲ ಕಡೆ ನೋಡಿದರು. ಆಮೇಲೆ ಹೇಳಿದರು: "ಡಾಕ್ಟ್ರೇ, ಬುದ್ಧಿ ಐತೆ ಅಂತ ನೀವೇ ತೋರ್ಸಿದ್ರಿ. ಬಾಯಿ ಐತೆ ಅಂತನೂ ನೀವೇ ತೋರ್ಸಿದ್ರಿ. ಎರಡೂ ಇದ್ದು ಸುಮ್ಮನೆ ಕುಂತೋಳಿಗೆ ನಾನು ಏನಂತ ಹೆಸರಿಡ್ಲಿ? ನೀವೇ ಹೇಳ್ರಿ."

ಡಾಕ್ಟರು ಹೇಳಿದರು. ಒಂದು ಗಂಟೆ ಹೇಳಿದರು. ಚನ್ನಗಿರಿಯ ವ್ಯಾಪಾರಿಯ ಕಥೆ ಹೇಳಿದರು, ಮೇಷ್ಟ್ರ ಮಗ್ಗಿಯ ಕಥೆ ಹೇಳಿದರು. ಮಾರನೆಯ ದಿನವೂ ಹೋಗಿ ಹೇಳಿದರು. ಮೂರನೆಯ ದಿನ ಜಗುಲಿಯ ಮೇಲೆ ಚಾಪೆ ಹಾಕಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ರೇವಣ್ಣನೇ ಗಾಡಿ ಕಟ್ಟಿ ಅವಳನ್ನು ಬಿಳಿಚೋಡಿಗೆ ಬಿಟ್ಟು ಬಂದನೆಂದು ಗೊತ್ತಾಯಿತು. ಮಗು ಇಲ್ಲೇ ಉಳಿಯಿತು. ಮಾಘದಲ್ಲಿ ಹೊನ್ನಾಳಿಯ ಹೆಣ್ಣು ಮನೆ ತುಂಬಿದಳು.

ನಾವು ಕೆಲಸ ನಿಲ್ಲಿಸಲಿಲ್ಲ. ನಿಲ್ಲಿಸಿದೆವು ಎಂದು ಹೇಳಿದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ, ಆದರೆ ಸುಳ್ಳು. ಮೂವತ್ತೆರಡನೆಯ ರೋಗಿ ಬಂದ, ನಲವತ್ತನೆಯವನು ಬಂದ. ಯುದ್ಧದ ಕಾಲದಲ್ಲಿ ಕಾಗದ ಸಿಗದೆ, ಔಷಧದ ಪೊಟ್ಟಣದ ಹಿಂಬದಿಯಲ್ಲೂ ಬರೆದೆವು. ಡಾಕ್ಟರು ಮಾತ್ರ ಮೊದಲಿನಂತೆ ಸಾಯಂಕಾಲ ಕೂತು ಹರಟೆ ಹೊಡೆಯುವುದು ಬಿಟ್ಟರು. ನಲವತ್ತೈದರಲ್ಲಿ ಅವರ ಲೇಖನ ಒಂದು ಇಂಗ್ಲಿಷ್ ವೈದ್ಯ ಪತ್ರಿಕೆಯ ಹಿಂದಿನ ಪುಟಗಳಲ್ಲಿ ಅಚ್ಚಾಯಿತು. ಅದರ ಶುದ್ಧಪ್ರತಿ ಮಾಡಿದವನು ನಾನೇ. ಶೀಷೆಯ ಚೀಟಿಗಳನ್ನು ಓದಿ ಕಲಿತ ಇಂಗ್ಲಿಷ್ ನನ್ನದು, ಆದರೂ ಮೂವತ್ತೊಂದನೆಯ ರೋಗಿಯ ಕೊನೆಯ ಸಾಲು ನನಗೆ ತಿಳಿಯಿತು. ರೋಗಿಯು ಆಮೇಲೆ ನಮ್ಮ ನೋಟಕ್ಕೆ ಸಿಗಲಿಲ್ಲ, ಎಂದಿತ್ತು.

"ಸಿಗಲಿಲ್ಲ ಅಂದ್ರೆ ನಾವು ಹುಡುಕಿದ್ವಿ ಅಂತ ಆಗ್ತೈತಲ್ಲ ಸಾರ್?" ಎಂದೆ.

"ಆ ಪತ್ರಿಕೆಗಳಲ್ಲಿ ಹಾಗೇ ಬರೆಯೋದು," ಎಂದರು. ಸಾಲು ಹಾಗೇ ಹೋಯಿತು.

ಮರುವರ್ಷ ಮತ್ತೆ ಜಗಳೂರಿಗೆ ವರ್ಗವಾಯಿತು. ಅಲ್ಲಿಂದ ಬಿಳಿಚೋಡು ದೂರವಲ್ಲ. ಡಾಕ್ಟರು ಆ ರಸ್ತೆಗೆ ಹತ್ತು ತಿಂಗಳು ಕಾಲಿಡಲಿಲ್ಲ. ಒಂದು ದಿನ ಮಧ್ಯಾಹ್ನ, ಯಾರೂ ರೋಗಿಗಳಿಲ್ಲದ ಹೊತ್ತಿನಲ್ಲಿ, ಟೊಪ್ಪಿಗೆ ಹಾಕಿಕೊಂಡು "ಬಸ್ಸು ಎಷ್ಟು ಗಂಟೆಗೆ?" ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ನೋಟುಬುಕ್ಕು ತೆಗೆದುಕೊಂಡೆ. "ಅದು ಬೇಡ," ಎಂದರು.

ಸಿದ್ದಲಿಂಗಮ್ಮ ಅಂಗಳದಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು, ಎಡಗೈಯಲ್ಲಿ. ನಮ್ಮನ್ನು ಕಂಡು ಕೈ ನಿಂತಿತು. ಓಡಿಹೋಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ತಾಯಿ ಶಂಕರಮ್ಮ ಒಳಗಿನಿಂದ ಬಂದು, ಯಾರೆಂದು ತಿಳಿದು, ಚಾಪೆ ಹಾಕಿ, ನೀರು ಕೊಟ್ಟರು. ಬೈದಿದ್ದರೆ ಸುಲಭವಿತ್ತು.

"ಮಾತಾಡ್ತಾಳಾ ತಾಯಿ?" ಎಂದೆ ನಾನು.

"ಅವತ್ತು ಗಾಡಿ ಇಳಿದಾಗಿಂದ ಬಾಯೇ ತೆಗೆದಿಲ್ಲಪ್ಪ. ನಗಾಕೂ ಸೆರಗು ಅಡ್ಡ ಹಿಡೀತಾಳೆ. ಕಿವಿ ಮಾತ್ರ ಭಾರಿ ಚುರುಕು. ಆ ಕಡೆ ಓಣಿಯಾಗೆ ಆಡಿದ್ದೂ ಇವಳಿಗೆ ತಿಳೀತೈತೆ."

ಡಾಕ್ಟರು ಚಾಪೆ ಬಿಟ್ಟು, ಅವಳ ಎದುರಿಗೆ, ಮಣ್ಣಿನ ಮೇಲೆ ಕೂತರು. ಐವತ್ತಮೂರು ವರ್ಷದ ಮನುಷ್ಯ. "ಸಿದ್ದಲಿಂಗಮ್ಮ," ಎಂದರು, "ನಿನಗೆ ತಿಳಿಯುತ್ತೆ ಅಂತ ನನಗೆ ಗೊತ್ತು. ಅವತ್ತು ಮಗು ನಿನಗೆ ಬಂದಿತ್ತು. ನನಗೆ ಇನ್ನೊಂದು ಬೇಕಾಯಿತು. ನನ್ನಿಂದ ಹೋಯಿತು."

"ಒಡಪಿನ ವಿಷಯ ಇವರಿಗೆ ಹೇಳಿದ್ದು ನಾನೇ ಕಣಮ್ಮ," ಎಂದೆ.

ಅವಳು ಇಬ್ಬರನ್ನೂ ನೋಡಿದಳು. ಕ್ಷಮಿಸಿದಳು ಎಂದು ಬರೆಯಲಾರೆ, ಇಲ್ಲ ಎಂದೂ ಬರೆಯಲಾರೆ. ಆಮೇಲೆ ಎಡಗೈಯನ್ನು ನೆಲದಿಂದ ಒಂದು ಮೊಳ ಎತ್ತರಕ್ಕೆ ಹಿಡಿದು, ನನ್ನ ಕಡೆ ಹುಬ್ಬು ಎತ್ತಿದಳು.

ನನ್ನ ಅಕ್ಕನನ್ನು ನ್ಯಾಮತಿಗೆ ಕೊಟ್ಟಿದೆ. ಮಗುವನ್ನು ನಾನು ಶಾಲೆಯ ಮುಂದೆ ನೋಡಿದ್ದೆ. ನನ್ನ ಕೈಯನ್ನು ಇನ್ನೂ ಮೇಲಕ್ಕೆ, ಎರಡು ಮೊಳಕ್ಕೆ, ಅದಕ್ಕೂ ನಾಲ್ಕು ಬೆರಳು ಮೇಲಕ್ಕೆ ಹಿಡಿದು ತೋರಿಸಿದೆ. ಅವಳು ಆ ಗಾಳಿಯನ್ನೇ ನೋಡುತ್ತ ಕೂತಳು, ಅಲ್ಲಿ ಯಾರೋ ನಿಂತಿರುವ ಹಾಗೆ.

"ಮಗೀಗೆ ಹೆಸರು ಏನಿಟ್ರು?" ಎಂದರು ಶಂಕರಮ್ಮ. "ತಾಯಿ ಕಾಯಿಲೆ ಅಂತ ಆಗ ತೊಟ್ಲಿಗೆ ಹಾಕಿರ್ಲಿಲ್ಲ. ಆಮ್ಯಾಲೆ ನಮಗೆ ಯಾರು ಹೇಳ್ತಾರೆ?"

"ಕಸ್ತೂರಿ ಅಂತ," ಎಂದೆ. "ಕಸ್ತೂರಮ್ಮ."

"ಇವಳು ತಾಯಿ ಅಂತ ಅದಕ್ಕೆ ಗೊತ್ತೇನು?"

"ಇಲ್ಲಮ್ಮ."

ಸಿದ್ದಲಿಂಗಮ್ಮನ ಸೆರಗು ಬಾಯಿಯ ಮೇಲಿತ್ತು. ಅದರ ಹಿಂದೆ ತುಟಿ ಆಡುತ್ತಿದ್ದದ್ದು ಬಟ್ಟೆಯ ಮೇಲೆ ಕಾಣುತ್ತಿತ್ತು. ಅದು ಹಳೆಯ ಒಡಪೋ, ಈಗ ಕೇಳಿದ ಹೆಸರೋ ಎಂದು ನನ್ನ ಕಿವಿ ಹಳೆಯ ಚಾಳಿಯಂತೆ ಮುಂದಕ್ಕೆ ಹೋಯಿತು. ಡಾಕ್ಟರು ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆದರು, ತಾವು ಬೇರೆ ಕಡೆ ಮುಖ ಮಾಡಿದರು.

ಊರ ಬಾಗಿಲಲ್ಲಿ ಜಗಳೂರಿಗೆ ವಾಪಸು ಹೋಗುವ ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ನಾವು ಬಂದದ್ದು ಡ್ರೈವರನಿಗೆ ಗೊತ್ತಿತ್ತು. ಸ್ವಲ್ಪ ತಡೆದು, ಇನ್ನೊಂದು ಸಲ ಹೊಡೆದ. ಡಾಕ್ಟರು ಏಳಲಿಲ್ಲ, ನಾನೂ ಏಳಲಿಲ್ಲ. ಬಸ್ಸು ಧೂಳೆಬ್ಬಿಸಿಕೊಂಡು ಹೊರಟುಹೋಯಿತು.